ಅಸ್ಸಿಸಿಯ ದೀಪಕ್ಕೆ ಎಣ್ಣೆ ಯಾರದು?

ಇಟಲಿಯ ಅಸ್ಸಿಸಿಯಲ್ಲಿ ಸಂತ ಫ್ರಾನ್ಸಿಸ್ಸರ ಸಮಾಧಿ ಮುಂದೆ ನಿಂತು ಅಮ್ಮ ಕೇಳಿದ ಮೊದಲ ಪ್ರಶ್ನೆ: “ಇದಕ್ಕೆ ಎಣ್ಣೆ ಯಾರು ಹಾಕ್ತಾರೆ?”

ಪಿಸುಮಾತಿನಲ್ಲೇ ಕೇಳಿದಳು. ಆದರೂ ಮುಂದಿನ ಬೆಂಚಿನ ಅಜ್ಜಿಯೊಬ್ಬರು ತಿರುಗಿ ನೋಡಿದರು. ಅಲ್ಲಿ ಮಾತಾಡುವ ಹಾಗಿಲ್ಲ, ಫೋಟೊ ತೆಗೆಯುವ ಹಾಗಿಲ್ಲ. ದೊಡ್ಡ ಚರ್ಚಿನ ಕೆಳಗಿನ ನೆಲಮಾಳಿಗೆ ಅದು. ಸುತ್ತಲೂ ಬರೀ ಕಲ್ಲು. ಕಬ್ಬಿಣದ ಸರಳುಗಳ ಹಿಂದೆ ಒಂದು ಕಲ್ಲಿನ ಪೆಟ್ಟಿಗೆ, ಅದರ ಮುಂದೆ ಉರಿಯುವ ಒಂದು ದೀಪ. ಅಮ್ಮನ ಕಣ್ಣು ಪೆಟ್ಟಿಗೆಗಿಂತ ದೀಪದ ಮೇಲೇ ಜಾಸ್ತಿ ಇತ್ತು.

ಅದಕ್ಕೊಂದು ಕಾರಣವಿದೆ. ಹೋದ ವರ್ಷ ಅಮ್ಮನಿಗೆ ಎರಡೂ ಕಣ್ಣಿನ ಪೊರೆ ತೆಗೆಸಿದೆವು. ಆಗ ಅವಳೊಂದು ಹರಕೆ ಹೊತ್ತಳು. ಕಣ್ಣು ಸರಿಯಾದರೆ, ಇನ್ನು ಮುಂದೆ ಯಾವ ಊರಿಗೆ ಹೋದರೂ ಅಲ್ಲಿನ ದೇವರಿಗೆ ಒಂದು ದೀಪ. ಯಾವ ದೇವರು ಅಂತ ಹೇಳಿರಲಿಲ್ಲ. ಹಾಗಾಗಿ ಅವಳ ಕೈಚೀಲದಲ್ಲಿ ಪಾಸ್‌ಪೋರ್ಟ್ ಪಕ್ಕದಲ್ಲೇ ಒಂದು ಪೊಟ್ಟಣ ಹೂಬತ್ತಿ ಇತ್ತು.

ಹೊರಗೆ ಬಂದ ಮೇಲೆ ಎಣ್ಣೆಯ ಕತೆ ಹೇಳಿದೆ. 1939ರಲ್ಲಿ ಫ್ರಾನ್ಸಿಸ್ಸರನ್ನು ಇಡೀ ಇಟಲಿಯ ಪಾಲಕ ಸಂತ ಎಂದು ಸಾರಿದರು. ಅವರ ಹಬ್ಬ ಅಕ್ಟೋಬರ್ 4ಕ್ಕೆ. ಇಟಲಿಯಲ್ಲಿ 20 ಪ್ರಾಂತ್ಯಗಳಿವೆ. ಸರದಿಯ ಮೇಲೆ ಒಂದೊಂದು ಪ್ರಾಂತ್ಯದವರು ಹಬ್ಬದ ದಿನ ಎಣ್ಣೆ ತಂದು ಈ ದೀಪಕ್ಕೆ ಒಪ್ಪಿಸುತ್ತಾರೆ. ವರ್ಷವಿಡೀ ದೀಪ ಉರಿಯುವುದು ಆ ಎಣ್ಣೆಯಲ್ಲಿ. ನಾವು ಹೋದಾಗ ಹಬ್ಬ ಮುಗಿದು ಒಂದು ವಾರವಾಗಿತ್ತು.

“ಹಂಗಾದ್ರೆ ಹೊಸ ಎಣ್ಣೆ” ಅಂದಳು ಅಮ್ಮ. “ನಂದಾದೀಪ ಅನ್ನು ಮತ್ತೆ. ನಾನೂ ಒಂದು ಹನಿ ಹಾಕಬಹುದಾ?”

ಇಲ್ಲ ಅಂದೆ. ಭಕ್ತರಿಗೆ ಅಲ್ಲಿರುವುದು ಮೇಣದಬತ್ತಿ. ಕಾಣಿಕೆ ಹಾಕಿ ಒಂದು ತಗೊಂಡು, ಹಚ್ಚದೆ ಅಲ್ಲೇ ಇಟ್ಟು ಬರಬೇಕು. ಅಮ್ಮ ಇಟ್ಟಳು. ಆದರೆ ಹಚ್ಚದ ದೀಪ ಹರಕೆಗೆ ಸೇರುತ್ತದೋ ಇಲ್ಲವೋ ಎಂಬ ಅನುಮಾನ ಮುಖದಲ್ಲಿ ಹಾಗೇ ಉಳಿಯಿತು.

ಊರು ಸುಬಾಸಿಯೊ ಬೆಟ್ಟದ ಇಳಿಜಾರಿನಲ್ಲಿದೆ. ರೋಮ್‌ನಿಂದ ರೈಲಿನಲ್ಲಿ ಬಂದು ಕೆಳಗಿನ ಬಯಲಲ್ಲಿ ಇಳಿಯಬೇಕು, ಅಲ್ಲಿಂದ ಬಸ್ಸು. ಮನೆಗಳಿಗೆಲ್ಲ ಆ ಬೆಟ್ಟದ್ದೇ ತಿಳಿಗುಲಾಬಿ ಕಲ್ಲು. ಸಂಜೆ ಬಿಸಿಲಿಗೆ ಅದು ಬೆಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ಎಲ್ಲಿ ನೋಡಿದರೂ ಏರು, ಮೆಟ್ಟಿಲು. ಅಮ್ಮನ ಮಂಡಿಗಾಗಿ ಹತ್ತು ಹೆಜ್ಜೆಗೊಮ್ಮೆ ನಿಂತೆವು. ನಿಂತಲ್ಲೆಲ್ಲ ಒಂದು ಅಂಗಡಿ, ಅಂಗಡಿ ತುಂಬ ಫ್ರಾನ್ಸಿಸ್ಸರ ಬೊಂಬೆ, ಕೀಚೈನು. ಮೈಮೇಲಿನ ಬಟ್ಟೆಯನ್ನೂ ಬಿಷಪ್ಪರ ಎದುರೇ ಬಿಚ್ಚಿ ಬಟ್ಟೆ ವ್ಯಾಪಾರಿ ಅಪ್ಪನಿಗೆ ವಾಪಸ್ ಕೊಟ್ಟು ಹೋದ ಮನುಷ್ಯ ಅವರು. ಅವರ ಹೆಸರಲ್ಲಿ ಇಷ್ಟೊಂದು ವ್ಯಾಪಾರ! ನನಗೆ ಕಿರಿಕಿರಿ ಆಯಿತು. ಅಮ್ಮನಿಗೆ ಏನೂ ಅನ್ನಿಸಲಿಲ್ಲ. “ದೇವಸ್ಥಾನ ಅಂದ್ಮೇಲೆ ಅಂಗಡಿ ಇರಲ್ವಾ?”

ಚರ್ಚಿರುವ ದಿಬ್ಬಕ್ಕೆ ಹಿಂದೆ ನರಕದ ಗುಡ್ಡ ಎಂದು ಹೆಸರಿತ್ತು. ಅಪರಾಧಿಗಳನ್ನು ಕೊಲ್ಲುತ್ತಿದ್ದ ಜಾಗವಂತೆ. 1228ರಲ್ಲಿ ಅಲ್ಲೇ ಚರ್ಚ್ ಶುರುವಾಯಿತು. ಫ್ರಾನ್ಸಿಸ್ಸರ ದೇಹವನ್ನು 1230ರಲ್ಲಿ ಎಷ್ಟು ಗುಟ್ಟಾಗಿ ಹೂತರೆಂದರೆ, ಮತ್ತೆ ಸಿಕ್ಕಿದ್ದು 1818ರಲ್ಲಿ. ಮೇಲಿನ ಚರ್ಚಿನಲ್ಲಿ ಗೋಡೆ ತುಂಬ ಅವರ ಬದುಕಿನ ಚಿತ್ರಗಳು. 1997ರ ಸೆಪ್ಟೆಂಬರ್ 26ರ ಭೂಕಂಪದಲ್ಲಿ ಅದರ ಚಾವಣಿ ಕುಸಿದು ನಾಲ್ವರು ಸತ್ತರು. ಬಿದ್ದ ಚಿತ್ರಗಳ ಸಾವಿರಾರು ಚೂರುಗಳನ್ನು ಹೆಕ್ಕಿ, ಹೊಂದಿಸಿ ಮತ್ತೆ ಅಂಟಿಸಿದ್ದಾರೆ. ಅಲ್ಲಲ್ಲಿ ಚಿತ್ರವಿಲ್ಲದ ಖಾಲಿ ಜಾಗ ಹಾಗೇ ಇದೆ. ಅದನ್ನು ಮೊದಲು ಕಂಡದ್ದು ಅಮ್ಮನ ಹೊಸ ಕಣ್ಣು, ನನ್ನದಲ್ಲ.

ಕಣ್ಣಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಕೊನೆಗಾಲದಲ್ಲಿ ಫ್ರಾನ್ಸಿಸ್ಸರಿಗೆ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಬೆಳಕೇ ತಡೆಯುತ್ತಿರಲಿಲ್ಲ. ಆಗಿನ ವೈದ್ಯ ಅಂದರೆ ಕಾದ ಕಬ್ಬಿಣ. ಕಿವಿಯಿಂದ ಹುಬ್ಬಿನವರೆಗೆ ಬರೆ ಎಳೆಯಬೇಕು. ಕಬ್ಬಿಣ ಕೆಂಪಾಗುವುದನ್ನು ನೋಡಿ ಅವರು ಬೆಂಕಿಗೇ ಕೇಳಿಕೊಂಡರಂತೆ: ಅಣ್ಣಾ, ನಿನ್ನನ್ನು ನಾನು ಯಾವಾಗಲೂ ಪ್ರೀತಿಸಿದ್ದೇನೆ, ಈಗ ನನ್ನ ಮೇಲೆ ಸ್ವಲ್ಪ ದಯೆ ಇರಲಿ. ಕಣ್ಣು ಕಾಣದ ಆ ದಿನಗಳಲ್ಲೇ, 1225ರಲ್ಲಿ, ಸೂರ್ಯನನ್ನು ಅಣ್ಣ, ನೀರನ್ನು ಅಕ್ಕ ಎಂದು ಕರೆದು ದೇವರನ್ನು ಹೊಗಳುವ ಹಾಡು ಕಟ್ಟಿದರು. ಅದೂ ಪಾದ್ರಿಗಳ ಲ್ಯಾಟಿನ್ನಿನಲ್ಲಲ್ಲ, ಊರವರ ಮಾತಿನಲ್ಲಿ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ನಂಗೆ ಮರಗಟ್ಟೋ ಡ್ರಾಪ್ಸ್ ಹಾಕಿದ್ರು. ಆದ್ರೂ ನಾನು ಎಷ್ಟು ಹೆದರಿದ್ದೆ ಅಲ್ವಾ?”

ಮಾರನೇ ದಿನ ಬಯಲಿಗೆ ಇಳಿದೆವು. ಸಾಂತಾ ಮರಿಯಾ ದೆಲ್ಯಿ ಆಂಜೆಲಿ ಎಂಬ ಭಾರಿ ಚರ್ಚು. ಅದರ ಗುಮ್ಮಟದ ಕೆಳಗೆ, ಮನೆಯೊಳಗೆ ಮನೆ ಇಟ್ಟ ಹಾಗೆ, ಒಂದು ಪುಟ್ಟ ಕಲ್ಲುಗುಡಿ. ಹೆಸರು ಪೊರ್ಸಿಯುಂಕೊಲ, ಅಂದರೆ ಚಿಕ್ಕ ತುಂಡು ನೆಲ. ಫ್ರಾನ್ಸಿಸ್ಸರು ಕೈಯಾರೆ ದುರಸ್ತಿ ಮಾಡಿದ ಗುಡಿ. 1226ರ ಅಕ್ಟೋಬರ್ 3ರ ಸಂಜೆ ಅದರ ಪಕ್ಕದಲ್ಲೇ, ತಮ್ಮನ್ನು ಬರೀ ನೆಲದ ಮೇಲೆ ಮಲಗಿಸಲು ಹೇಳಿ, ಜೀವ ಬಿಟ್ಟರು. ನನಗೆ ಇಡೀ ಅಸ್ಸಿಸಿಯಲ್ಲಿ ಹಿಡಿಸಿದ್ದು ಇದೊಂದೇ. ಒಳಗಿನ ಗೋಡೆಯ ಕಲ್ಲು ಮಸಿ ಹಿಡಿದು ಕಪ್ಪಾಗಿದೆ. ನಮ್ಮ ಹಳೇ ಗರ್ಭಗುಡಿಗಳ ಕಪ್ಪೇ ಅದು. ಅಮ್ಮ ಅದರ ಮೇಲೆ ಅಂಗೈ ಇಟ್ಟು ನಿಂತೇ ಇದ್ದಳು. ಹಿಂದೆ ಬಂದವರು ಪಕ್ಕದಿಂದ ದಾರಿ ಮಾಡಿಕೊಂಡು ಹೋದರು.

ಆ ರಾತ್ರಿ ಬಾಡಿಗೆ ಕೋಣೆಯಲ್ಲಿ ಅಮ್ಮ ಅಡುಗೆಮನೆಯ ಕಪಾಟು ತೆಗೆದಳು. ಆಲಿವ್ ಎಣ್ಣೆ ಇತ್ತು. ಪುಟ್ಟ ಕಾಫಿ ಕಪ್ಪಿನ ಕೆಳಗಿಡುವ ತಟ್ಟೆಯೂ ಸಿಕ್ಕಿತು. ಹೂಬತ್ತಿ ಅದ್ದಿ ಹಚ್ಚಿದಳು. ಹೊಗೆ ಪತ್ತೆ ಮಾಡುವ ಯಂತ್ರ ಕೂಗಿಕೊಂಡೀತೆಂದು ನಾನು ಸೂರು ನೋಡುತ್ತಾ ನಿಂತೆ. ಕೂಗಲಿಲ್ಲ. ಕಿಟಕಿಯ ಕೆಳಗೆ ಬಯಲಿನ ದೀಪಗಳು, ನಡುವೆ ಆ ಗುಮ್ಮಟ. ಬತ್ತಿ ತಾನಾಗಿ ಆರುವವರೆಗೆ ಅಮ್ಮ ಕೂತಿದ್ದಳು.

ಬೆಳಿಗ್ಗೆ ತಟ್ಟೆಯ ಅಂಚಿಗೆ ಮಸಿ ಹಿಡಿದಿತ್ತು. ಮನೆಯವರು ಏನಂದುಕೊಂಡಾರು ಅಂತ ನಾನು ಸ್ಪಂಜು ಎತ್ತಿಕೊಂಡೆ. ಅಮ್ಮ ತಡೆದಳು. ಉಂಗುರ ಬೆರಳಿಂದ ಒಂದಿಷ್ಟು ಮಸಿ ತೆಗೆದು, ನನ್ನ ಕೂದಲು ಸರಿಸಿ, ಕಿವಿಯ ಹಿಂದೆ ಬೊಟ್ಟಿಟ್ಟಳು.

“ಈಗ ತೊಳಿ” ಅಂದಳು.