ಇಪ್ಪತ್ತರ ನಡುಕ, ಅರವತ್ತರ ಗುಂಯ್

ಸಾಗರ
17 ಜೂನ್ 2024, ಸೋಮವಾರ

ಬಕ್ರೀದ್. ಗ್ಯಾರೇಜಿನಲ್ಲಿ ನನ್ನ ಜೊತೆಗಿರುವ ಇರ್ಫಾನ್ ಇಲ್ಲ. ಮಳೆ ಬಿಟ್ಟು ಬಿಟ್ಟು ಹೊಡೆಯುತ್ತಿತ್ತು. ಶಟರ್ ಅರ್ಧ ಎಳೆದಿದ್ದರೂ ಗಣಪಣ್ಣ ತಮ್ಮ ಮಾರುತಿ ಓಮ್ನಿ ವ್ಯಾನ್ ತಂದು ಒಳಗೇ ನುಗ್ಗಿಸಿದರು.

“ಕ್ರಾಸ್ ಎರಡೂ ಹೊಸದು ಮಾರಾಯಾ. ವ್ಹೀಲ್ ಬ್ಯಾಲೆನ್ಸಿಂಗೂ ಆತು. ಆದರೂ ನಡುಗ್ತದೆ. ಈಗ ಪೂರ್ತಿ ಶಾಫ್ಟೇ ಬದಲ್ಸು ಅಂತಾರೆ.”

ಶಾಫ್ಟ್ ಅಂದರೆ ಗೇರ್‌ಬಾಕ್ಸಿನ ಸುತ್ತನ್ನು ಹಿಂದಿನ ಆಕ್ಸಲ್ಲಿಗೆ ಒಯ್ಯುವ ಕೊಳವೆ, ಅದರ ಎರಡು ತುದಿಯ ಬಾಗುವ ಕೀಲುಗಳೇ ಕ್ರಾಸ್.

“ಎಷ್ಟು ಸ್ಪೀಡಿಗೆ ನಡುಗ್ತದೆ ಗಣಪಣ್ಣ?”

“ಎಲ್ಲಾ ಸ್ಪೀಡಿಗೂ.”

“ಎಲ್ಲಾ ಸ್ಪೀಡಿಗೂ ನಡುಗೋ ಗಾಡಿ ಇರೋದಿಲ್ಲ. ಸರಿಯಾಗಿ ನೆನಪು ಮಾಡ್ಕೊಳ್ಳಿ.”

ಅವರು ನೆನಪು ಮಾಡಿಕೊಂಡರು. ಲೋಡ್ ಹಾಕಿ ಏರು ಹತ್ತುವಾಗ ಇಪ್ಪತ್ತು, ಇಪ್ಪತ್ತೈದರಲ್ಲಿ ಒಂದು ಥರ, ಗಾಡಿಯೇ ಕೊಡವಿದ ಹಾಗೆ. ಆನಂದಪುರದ ಆಚೆ ರಸ್ತೆ ಚೆನ್ನಾಗಿರುವ ಕಡೆ ಅರವತ್ತಕ್ಕೆ ಹೋದರೆ ಇನ್ನೊಂದು ಥರ: ಸೀಟಿನಡಿಯಿಂದ ಗುಂಯ್ ಅಂತ ಬಂದು ಕನ್ನಡಿಯಲ್ಲಿ ಹಿಂದಿನ ಗಾಡಿ ಮಸುಕಾಗುತ್ತದೆ. ಅಂದರೆ ಕಾಯಿಲೆ ಒಂದಲ್ಲ, ಎರಡು. ಇಲ್ಲಿಯತನಕ ನೋಡಿದವರೆಲ್ಲ ಎರಡನ್ನೂ ಒಂದೇ ಅಂದುಕೊಂಡು ಒಂದೇ ಔಷಧ ಕೊಟ್ಟಿದ್ದಾರೆ.

ನಡುಕದ ಕೆಲಸದಲ್ಲಿ ಸ್ಪ್ಯಾನರ್‌ಗಿಂತ ಮೊದಲು ಲೆಕ್ಕ ಬೇಕು. ಓಮ್ನಿಗೆ 145 ಆರ್ 12 ಟೈರು, ಒಂದು ಸುತ್ತಿಗೆ ಸುಮಾರು 1.7 ಮೀಟರ್ ಹೋಗುತ್ತದೆ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 16.7 ಮೀಟರ್, ಚಕ್ರ ಸೆಕೆಂಡಿಗೆ ಹತ್ತು ಸುತ್ತು ಅಂತಿಟ್ಟುಕೊಳ್ಳಿ. ಹೌಸಿಂಗಿನ (ಹಿಂದಿನ ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ) ರೇಷಿಯೋ, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟು ಎಷ್ಟು ಸುತ್ತು ಅನ್ನುವುದು, ಐದಕ್ಕಿಂತ ತುಸು ಜಾಸ್ತಿ, ಹಾಗಾಗಿ ಶಾಫ್ಟು ಸೆಕೆಂಡಿಗೆ ಐವತ್ತು ಸುತ್ತು, ನಿಮಿಷಕ್ಕೆ ಮೂರು ಸಾವಿರ. ಸೆಕೆಂಡಿಗೆ ಹತ್ತು ಸಲದ ನಡುಕವಾದರೆ ಗಾಡಿ ಕುಲುಕಿದ ಹಾಗಿರುತ್ತದೆ, ಮುಂದಿನ ಚಕ್ರದ್ದಾದರೆ ಸ್ಟೇರಿಂಗ್ ಕೈಯಲ್ಲಿ ಆಡುತ್ತದೆ. ಐವತ್ತು ಸಲದ್ದು ನಡುಕಕ್ಕಿಂತ ಹೆಚ್ಚಾಗಿ ಶಬ್ದ. ಗಣಪಣ್ಣ ಹೇಳಿದ ‘ಗುಂಯ್’ ಚಕ್ರದ ಬ್ಯಾಲೆನ್ಸ್ ತಪ್ಪಿದ್ದರಿಂದ ಬಂದಿರಲು ಸಾಧ್ಯವೇ ಇಲ್ಲ. ವ್ಹೀಲ್ ಬ್ಯಾಲೆನ್ಸಿಂಗಿಗೆ ಕೊಟ್ಟ ದುಡ್ಡು ದಂಡ ಅಂತ ಅವರಿಗೆ ಹೇಳಲಿಲ್ಲ.

ರೇಷಿಯೋ ಗೊತ್ತಿಲ್ಲದ ಹಳೇ ಗಾಡಿಯಾದರೆ ಹೌಸಿಂಗ್ ಬಿಚ್ಚುವುದೇನೂ ಬೇಡ. ಒಂದೇ ಹಿಂದಿನ ಚಕ್ರ ಎತ್ತಿ, ಉಳಿದವಕ್ಕೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಡಿ. ಎತ್ತಿದ ಚಕ್ರವನ್ನು ಪೂರ್ತಿ ಎರಡು ಸುತ್ತು ತಿರುಗಿಸಿ. ಶಾಫ್ಟಿನ ಮೇಲೆ ಸೀಮೆಸುಣ್ಣದ ಗುರುತು ಎಷ್ಟು ಸಲ ಬಂತೋ ಅದೇ ರೇಷಿಯೋ. ಇನ್ನೊಂದು ಚಕ್ರ ನೆಲದ ಮೇಲೆ ಕಚ್ಚಿಕೊಂಡಿರುವುದರಿಂದ ಒಂದಲ್ಲ, ಎರಡು ಸುತ್ತು.

ಮಳೆ ನಿಂತ ಹೊತ್ತಿಗೆ ಒಂದು ರೌಂಡ್ ಓಡಿಸಿ ನೋಡಿದ್ದಾಯಿತು. ಟಾಪ್ ಗೇರಿನಲ್ಲಿ ಎಂಜಿನ್ನೂ ಶಾಫ್ಟೂ ಒಂದೇ ಸುತ್ತಿನಲ್ಲಿ ಓಡುತ್ತವೆ, ಬರೀ ಟಾಪಿನಲ್ಲಿ ಓಡಿಸಿ ಯಾವುದರ ತಪ್ಪು ಅಂತ ಹೇಳೋಕಾಗುವುದಿಲ್ಲ. ಅದೇ ಸ್ಪೀಡಿನಲ್ಲಿ ಮೂರನೇ ಗೇರಿಗೆ ಇಳಿಸಬೇಕು. ಎಂಜಿನ್ ಜೋರಾದರೂ ಗುಂಯ್ ಬದಲಾಗದಿದ್ದರೆ ಎಂಜಿನ್ನು, ಕ್ಲಚ್ಚು, ಫ್ಯಾನು ಎಲ್ಲ ಪಾರು. ಆಮೇಲೆ ಖಾಲಿ ನೇರ ರಸ್ತೆಯಲ್ಲಿ ನ್ಯೂಟ್ರಲ್‌ಗೆ ತಂದು ಬಿಡಬೇಕು. ಆಗಲೂ ಉಳಿದರೆ ತೂಕದ ತೊಂದರೆ, ಅಂದರೆ ಶಾಫ್ಟು ಒಂದು ಕಡೆ ಭಾರ. ಎಳೆಯುವಾಗ ಮಾತ್ರ ಬಂದು ಕಾಲು ಬಿಟ್ಟ ಕೂಡಲೇ ಹೋದರೆ ಆ್ಯಂಗಲ್ಲಿನ ತೊಂದರೆ, ಇಲ್ಲವೇ ಸತ್ತ ಗೇರ್‌ಬಾಕ್ಸ್ ಮೌಂಟಿಂಗ್. ಈ ಗಾಡಿಯಲ್ಲಿ ಅರವತ್ತರದ್ದು ನ್ಯೂಟ್ರಲ್ಲಿನಲ್ಲೂ ಉಳಿಯಿತು, ಇಪ್ಪತ್ತರದ್ದು ಕಾಲು ಬಿಟ್ಟ ತಕ್ಷಣ ಮಾಯ.

ಮೊದಲು ಆ್ಯಂಗಲ್. ಗಾಡಿ ತನ್ನ ಚಕ್ರಗಳ ಮೇಲೇ, ತನ್ನ ಭಾರದಲ್ಲೇ ನಿಂತಿರಬೇಕು. ಲಿಫ್ಟಿನಲ್ಲಿ ಬಾಡಿ ಎತ್ತಿದರೆ ಆಕ್ಸಲ್ ಜೋತು ಬಿದ್ದು ಕ್ರಾಸುಗಳು ವಿಪರೀತ ಬಾಗುತ್ತವೆ. ಆ ಸ್ಥಿತಿಯಲ್ಲಿ ಗೇರ್ ಹಾಕಿ ಓಡಿಸಿದರೆ ಒಳ್ಳೇ ಶಾಫ್ಟೂ ನಡುಗುತ್ತದೆ, ಅದನ್ನು ನೋಡಿ ‘ಶಾಫ್ಟ್ ಹೋಗಿದೆ’ ಅನ್ನುವವರು ಬೇಕಾದಷ್ಟಿದ್ದಾರೆ. ಗುಂಡಿ ಇದ್ದರೆ ಗುಂಡಿಯ ಮೇಲೆ ನಿಲ್ಲಿಸಿ. ಇಲ್ಲದಿದ್ದರೆ ಹಿಂದೆ ಸ್ಟ್ಯಾಂಡನ್ನು ಆಕ್ಸಲ್ಲಿಗೇ ಕೊಟ್ಟು, ಮುಂದೂ ಅಷ್ಟೇ ಎತ್ತರಿಸಿ. ಗಾಡಿಯ ಬಾಡಿಯ ಅಡಿಗೆ ಸ್ಟ್ಯಾಂಡ್ ಕೊಡಬೇಡಿ. ಅಳೆಯೋದಕ್ಕೆ ಫೋನಿನ ಲೆವೆಲ್ ಆ್ಯಪ್ ಸಾಕು, ಮೂರೂ ಕಡೆ ಅದೇ ಫೋನು, ಅದೇ ಅಂಚು ಇಟ್ಟರೆ ಆಯಿತು.

ಅಳತೆ ಬಂದಿದ್ದು ಹೀಗೆ: ಗೇರ್‌ಬಾಕ್ಸ್ ಹಿಂದಕ್ಕೆ 3 ಡಿಗ್ರಿ ಇಳಿಜಾರು, ಶಾಫ್ಟ್ 8, ಪಿನಿಯನ್ (ಶಾಫ್ಟಿನ ಸುತ್ತನ್ನು ಹೌಸಿಂಗಿನೊಳಗೆ ಒಯ್ಯುವ ಹಲ್ಲಿನ ದಂಡ) 6. ಮುಂದಿನ ಕ್ರಾಸ್ ಬಾಗಿದ್ದು ಎಂಟರಲ್ಲಿ ಮೂರು ಕಳೆದು 5 ಡಿಗ್ರಿ, ಹಿಂದಿನದ್ದು ಎಂಟರಲ್ಲಿ ಆರು ಕಳೆದು 2. ಕ್ರಾಸಿನ ಗುಣವೇ ಅದು, ಬಾಗಿ ತಿರುಗುವಾಗ ಒಂದೊಂದು ಸುತ್ತಿಗೆ ಎರಡು ಸಲ ಶಾಫ್ಟನ್ನು ಚೂರು ಮುಂದೆ ತಳ್ಳುತ್ತದೆ, ಎರಡು ಸಲ ಚೂರು ಹಿಂದೆ ಎಳೆಯುತ್ತದೆ. ಮುಂದಿನ ಕ್ರಾಸ್ ಮಾಡಿದ ಏರುಪೇರನ್ನು ಹಿಂದಿನ ಕ್ರಾಸ್ ಅಷ್ಟೇ ಬಾಗಿ ಅಳಿಸಬೇಕು. ಗೇರ್‌ಬಾಕ್ಸೂ ಪಿನಿಯನ್ನೂ ಸಮಾನಾಂತರ ಇರಬೇಕು ಅನ್ನುವುದು ಅದಕ್ಕೇ. ವ್ಯತ್ಯಾಸ ಒಂದು ಡಿಗ್ರಿ ಒಳಗಿದ್ದರೆ ಚಿಂತೆಯಿಲ್ಲ. ಇಲ್ಲಿ ಮೂರು. ಅದರ ಮೇಲೆ ಲೋಡಿನಲ್ಲಿ ಎಳೆದಾಗ ಆಕ್ಸಲ್ ತಿರುಚಿಕೊಂಡು ಪಿನಿಯನ್ನಿನ ಮೂಗು ಇನ್ನೂ ಮೇಲೇಳುತ್ತದೆ.

ಮೂಗು ಮೇಲೆದ್ದಿದ್ದಕ್ಕೆ ಕಾರಣ ಹುಡುಕುವ ಕಷ್ಟವೇ ಬೀಳಲಿಲ್ಲ. ಹಿಂದಿನ ಪ್ಲೇಟ್ ಸೆಟ್ಟಿಗೆ (ಸ್ಪ್ರಿಂಗ್ ಪಟ್ಟಿಗಳು) ಉದ್ದದ ಶಾಕಲ್, ಅಂದರೆ ಪ್ಲೇಟಿನ ಹಿಂದಿನ ತುದಿಯನ್ನು ಗಾಡಿಗೆ ತೂಗುಹಾಕುವ ಕೊಂಡಿ.

“ಇದು ಯಾವಾಗ ಹಾಕಿಸಿದ್ದು?”

“ಓ, ಅದಾ? ಅಡಿಕೆ ಚೀಲ ಹಾಕಿದ್ರೆ ಹಿಂದೆ ಕೂತ್ಕಳ್ತಿತ್ತು. ಪ್ಲೇಟು ಬದಲ್ಸಿದ್ರೆ ಖರ್ಚು ಅಂತ ವೆಲ್ಡಿಂಗ್ ಶಾಪಲ್ಲಿ ಎರಡು ಪಟ್ಟಿ ಮಾಡಿಸಿ ಹಾಕ್ದೆ. ಗಾಡಿ ಎತ್ತರ ಆತಲಾ!”

ಗಾಡಿ ಎತ್ತರ ಆಯಿತು, ನಿಜ. ಪ್ಲೇಟಿನ ಹಿಂದಿನ ತುದಿ ಕೆಳಗಿಳಿದರೆ ಅದರ ಮೇಲೆ ಕೂತ ಆಕ್ಸಲ್ ಹಿಂದಕ್ಕೆ ವಾಲಿ ಪಿನಿಯನ್ ಆಕಾಶ ನೋಡುತ್ತದೆ. ಆಕ್ಸಲ್ಲಿಗೂ ಪ್ಲೇಟಿಗೂ ನಡುವೆ 3 ಡಿಗ್ರಿಯ ಕಬ್ಬಿಣದ ಬೆಣೆ ಕೊಟ್ಟು ಮೂಗು ಇಳಿಸಬಹುದು, ಜೀಪಿನವರು ಮಾಡುತ್ತಾರೆ. ಆದರೆ ಇಲ್ಲಿ ಹಾಗೆ ಮಾಡಿದರೆ ಎರಡೂ ಕ್ರಾಸ್ 5 ಡಿಗ್ರಿಯಲ್ಲಿ ದುಡಿಯಬೇಕಾಗುತ್ತದೆ. ನಿಂತ ಗಾಡಿಯಲ್ಲಿ ಮೂರರ ಒಳಗಿದ್ದರೆ ಆಯುಸ್ಸು, ಐದಾದರೆ ಸವೆತ ಬೇಗ. ಪೂರ್ತಿ ಸೊನ್ನೆಯೂ ಒಳ್ಳೆಯದಲ್ಲ, ಕ್ರಾಸಿನ ತುದಿಯ ಕಪ್ಪುಗಳೊಳಗಿನ ಸೂಜಿ ರೋಲರುಗಳು ಹೊರಳದೆ ಒಂದೇ ಜಾಗ ಕೊರೆಯುತ್ತವೆ. ಅದಕ್ಕೆ ನನ್ನ ತೀರ್ಮಾನ: ಹಳೇ ಅಳತೆಯ ಶಾಕಲ್, ಹೊಸ ಶಾಕಲ್ ಬುಷ್, ಕೂತುಹೋದ ಮೇನ್ ಪ್ಲೇಟ್ ಬದಲು, ಸೆಂಟರ್ ಬೋಲ್ಟ್ ಹೊಸದು. ಆಕ್ಸಲ್ಲನ್ನು ಪ್ಲೇಟಿಗೆ ಬಿಗಿಯುವ ಯು ಬೋಲ್ಟ್ ಬಿಚ್ಚಿದ ಮೇಲೆ ಹಳೆಯದನ್ನೇ ಮತ್ತೆ ಎಳೆದು ಬಿಗಿಯುವುದು ಬೇಡ. ಇನ್ನೂರು, ಮುನ್ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಬೇಕು.

ಗಣಪಣ್ಣನ ಮುಖ ಸಣ್ಣದಾಯಿತು. ಚಾ ತರಿಸಿದೆ.

ಅರವತ್ತರದ್ದಕ್ಕೆ ಶಾಫ್ಟ್ ಇಳಿಸಲೇಬೇಕು. ಇಳಿಸುವ ಮೊದಲು ಕೈಗೆ ಸಿಕ್ಕಷ್ಟು ನೋಡಬೇಕು: ಕ್ರಾಸಿನ ಎರಡೂ ಪಕ್ಕ ಹಿಡಿದು ಎದುರು ಬದುರು ತಿರುಚಿದರೆ ಆಟ ಒಂದು ಚೂರೂ ಇರಬಾರದು. ಗೇರ್‌ಬಾಕ್ಸ್ ಬಾಲದ ಹತ್ತಿರ ಶಾಫ್ಟನ್ನು ಮೇಲೆ ಕೆಳಗೆ ಅಲ್ಲಾಡಿಸಿದರೆ ಅಲ್ಲಿಯ ಬುಷ್ ಸವೆದಿದ್ದು ತಿಳಿಯುತ್ತದೆ. ಬಾಲದ ಆಯಿಲ್ ಸೀಲ್ ಹಾಕಿದಷ್ಟು ಸಲ ಸೋರುವ ಓಮ್ನಿಗಳಲ್ಲಿ ತಪ್ಪು ಸೀಲಿನದ್ದಲ್ಲ, ಈ ಬುಷ್ಷಿನದ್ದು. ಶಾಫ್ಟಿನ ಕೊಳವೆಗೆ ಅಂಟಿದ ಡಾಂಬರು, ಅಂಡರ್ ಕೋಟಿಂಗ್ ಎಲ್ಲ ಡೀಸೆಲ್ ಹಾಕಿ ಒರೆಸಿ. ಹತ್ತೇ ಗ್ರಾಂ ಡಾಂಬರು 30 ಮಿ.ಮೀ. ದೂರದಲ್ಲಿ ಅಂಟಿದ್ದರೆ ನಿಮಿಷಕ್ಕೆ ಮೂರು ಸಾವಿರ ಸುತ್ತಿನಲ್ಲಿ ಅದು ಮೂರು ಕೆ.ಜಿ. ಬಲದಿಂದ ಎಳೆಯುತ್ತದೆ. ಸ್ಪೀಡ್ ಅರ್ಧವಾದರೆ ಬಲ ಕಾಲು ಭಾಗ. ಮೂವತ್ತರಲ್ಲಿ ಸುಮ್ಮನಿದ್ದ ಗಾಡಿ ಅರವತ್ತರಲ್ಲಿ ಕೂಗುವುದು ಇದೇ ಲೆಕ್ಕಕ್ಕೆ. ಬ್ಯಾಲೆನ್ಸಿಂಗಿಗೆಂದು ವೆಲ್ಡ್ ಮಾಡಿದ ತೂಕದ ಚಪ್ಪಟೆ ತುಂಡು ಉದುರಿ ವೆಲ್ಡಿಂಗ್ ಗುರುತು ಮಾತ್ರ ಉಳಿದಿದೆಯೋ ನೋಡಿ. ಕೊಳವೆಯ ಮೇಲೆ ಕಲ್ಲೇಟಿನ ತಗ್ಗಿದ್ದರೆ ಶಾಫ್ಟ್ ಬದಲಿಸುವುದೇ ಸೈ.

ಬಿಚ್ಚುವಾಗ ಹೌಸಿಂಗಿನ ಫ್ಲ್ಯಾಂಜಿಗೂ (ಶಾಫ್ಟಿಗೆ ಬೋಲ್ಟ್ ಹಾಕುವ ಬಿಲ್ಲೆ) ಶಾಫ್ಟಿಗೂ ಸೇರಿಸಿ ಪೇಂಟಿನ ಗುರುತು, ನಾಲ್ಕು ಬೋಲ್ಟು, ಹಿಂದಕ್ಕೆ ಎಳೆದರೆ ಮುಂದಿನ ತುದಿ ಗೇರ್‌ಬಾಕ್ಸಿನಿಂದ ಜಾರಿ ಬರುತ್ತದೆ, ಹಿಂದೆಯೇ ಆಯಿಲೂ. ಒಂದು ಪ್ಲಾಸ್ಟಿಕ್ ಕವರ್ ರಬ್ಬರ್ ಬ್ಯಾಂಡ್ ಸುತ್ತಿ ಕಟ್ಟಿ, ಕೊನೆಗೆ ಮಟ್ಟ ನೋಡಿ ತುಂಬಿ. ಜೀಪಿನ ಹಾಗೆ ಶಾಫ್ಟಿನ ನಡುವೆಯೇ ಜಾರುವ ಸ್ಪ್ಲೈನ್ (ಹಲ್ಲಿನ ಜೋಡಣೆ) ಇರುವ ಗಾಡಿಯಾದರೆ ಅದಕ್ಕೂ ಗುರುತು ಬೇಕು. ಎರಡು ತುದಿಯ ಕವೆ (ಕ್ರಾಸನ್ನು ಹಿಡಿಯುವ ಕವಲು) ಒಂದೇ ಸಾಲಿಗೆ ಬರದೆ ಒಂದು ಹಲ್ಲು ತಪ್ಪಿದರೂ ಹೊಸ ನಡುಕ ಶುರು. ಓಮ್ನಿಯಲ್ಲಿ ಎರಡೂ ಕವೆ ಕೊಳವೆಗೇ ವೆಲ್ಡಾಗಿರುವುದರಿಂದ ಆ ತಪ್ಪು ಮಾಡೋಕಾಗುವುದಿಲ್ಲ. ಬೇರೆ ತಪ್ಪು ಮಾಡಬಹುದು, ಮಾಡಿದ್ದಾರೆ.

ಹಿಂದಿನ ಕ್ರಾಸ್ ಹೊಸದೇ, ಆದರೆ ಒಂದು ಕಡೆಗೆ ಬಾಗಿಸಿದರೆ ಕಲ್ಲಿನ ಹಾಗೆ ಗಟ್ಟಿ. ಲಾಕ್ (ಕಪ್ಪು ಜಾರದ ಹಾಗೆ ಹಿಡಿಯುವ ಸ್ಪ್ರಿಂಗ್ ಬಳೆ) ತೆಗೆದು ಮೈಕ್ರೋಮೀಟರಿಗೆ ಹಿಡಿದರೆ ಎದುರು ಬದುರಿನ ಎರಡರಲ್ಲಿ ಒಂದು ದಪ್ಪ, ಒಂದು ತೆಳು, ವ್ಯತ್ಯಾಸ 0.6 ಮಿ.ಮೀ. ಹಳೇ ಲಾಕ್ ಒಂದನ್ನು ಹೊಸದರ ಜೊತೆ ಸೇರಿಸಿದ್ದಾರೆ. ಅಂದರೆ ಶಾಫ್ಟಿನ ತುದಿ ನಡುಗೆರೆಯಿಂದ 0.3 ಮಿ.ಮೀ. ಪಕ್ಕಕ್ಕೆ. ಆ ತುದಿಯ ಪಾಲಿಗೆ ಎರಡು ಕೆ.ಜಿ. ಭಾರ ಅಂತಿಟ್ಟುಕೊಂಡರೂ ಅದು 30 ಮಿ.ಮೀ. ದೂರದಲ್ಲಿ 20 ಗ್ರಾಂ ಅಂಟಿಸಿದ್ದಕ್ಕೆ ಸಮ. ಮೇಲಿನ ಡಾಂಬರಿನ ಎರಡರಷ್ಟು. ಹೊಸ ಕ್ರಾಸ್ ಹಾಕಿಯೂ ಗುಂಯ್ ಹೋಗಲಿಲ್ಲ ಅಂತಲ್ಲ, ಹೊಸ ಕ್ರಾಸ್ ಹಾಕಿದ ರೀತಿಗೇ ಗುಂಯ್ ಬಂದಿದ್ದು. ಗಣಪಣ್ಣನನ್ನು ಕೇಳಿದರೆ, “ಹೌದಲಾ, ಮೊದಲು ಬರೀ ಏರಿನಲ್ಲಿ ಇತ್ತು” ಅಂದರು. ಇದನ್ನು ಬೆಳಿಗ್ಗೆಯೇ ಹೇಳಿದ್ದರೆ!

ಕ್ರಾಸ್ ಹಾಕುವುದು ವೈಸಿನಲ್ಲಿ ಆಗಬೇಕಾದ ಕೆಲಸ, ಸುತ್ತಿಗೆಯದ್ದಲ್ಲ. ಕವೆಯ ಕಿವಿಗೆ ಹೊಡೆದು ಹೊಡೆದು ಬಾಗಿಸಿದರೆ ಆ ಕ್ರಾಸ್ ಎಂದೂ ಸಲೀಸಾಗಿ ಆಡುವುದಿಲ್ಲ. ಕಪ್ಪಿಗಿಂತ ಚಿಕ್ಕ ಸಾಕೆಟ್ ಒಂದು ಕಡೆ ತಳ್ಳಲು, ದೊಡ್ಡದು ಇನ್ನೊಂದು ಕಡೆ ಕಪ್ಪು ಹೊರಬರಲು. ಹಾಕುವಾಗ ಸೂಜಿಗಳನ್ನು ಗ್ರೀಸಿನಲ್ಲಿ ಅಂಟಿಸಿ, ಕ್ರಾಸನ್ನು ಒಳಗಿನಿಂದ ಕಪ್ಪಿಗೆ ಹಿಡಿದುಕೊಂಡೇ ಒತ್ತಬೇಕು. ಒತ್ತುತ್ತಾ ಹೋದಂತೆ ಲಾಕ್ ಕೂರುವ ಕಚ್ಚು ಪೂರ್ತಿ ಕಾಣಲಿಲ್ಲವೋ, ಒಂದು ಸೂಜಿ ಅಡ್ಡ ಬಿದ್ದಿದೆ ಅಂತ ಅರ್ಥ. ಇನ್ನಷ್ಟು ಒತ್ತಿದರೆ ಅದು ಪುಡಿಯಾಗಿ ಹೊಸ ಕ್ರಾಸ್ ವಾರದಲ್ಲಿ ಹಾಳು. ಬಿಚ್ಚಿ, ಎಣಿಸಿ, ಮತ್ತೆ ಹಾಕಿ. ಎದುರು ಬದುರು ಒಂದೇ ದಪ್ಪದ ಲಾಕ್. ಕೂತ ಮೇಲೆ ಕವೆಗೆ ತಾಮ್ರದ ಸುತ್ತಿಗೆಯಿಂದ ಹಗುರ ಒಂದು ತಟ್ಟು, ಬಿಗಿತ ಬಿಡುತ್ತದೆ. ನಾಲ್ಕೂ ದಿಕ್ಕಿಗೆ ಒಂದೇ ಸಮನೆ, ತುಸು ತಡೆದು ಬಾಗಬೇಕು. ಗ್ರೀಸ್ ನಿಪ್ಪಲ್ ಇರುವ ಕ್ರಾಸಾದರೆ ನಾಲ್ಕೂ ಕಪ್ಪಿನಿಂದ ಗ್ರೀಸ್ ಇಣುಕುವವರೆಗೆ ಪಂಪ್. ಮೂರರಿಂದ ಮಾತ್ರ ಬಂದರೆ ನಾಲ್ಕನೆಯದು ಒಣಗಿಯೇ ಇದೆ. ಕವೆಯ ತೂತೇ ಸವೆದು ಕಪ್ಪು ಕೈಯಲ್ಲೇ ಕೂರುವಂತಿದ್ದರೆ ಪಂಚ್ ಹೊಡೆದು ಬಿಗಿ ಮಾಡುವ ಚಾಳಿ ಇದೆ ನಮ್ಮಲ್ಲಿ. ಅಂಥ ಕವೆಯಾದರೆ ನಾನೂ ಹೇಳುವುದು, ಶಾಫ್ಟ್ ಬದಲಿಸಿ ಅಂತ.

ಸಂಜೆ ಗುರುತಿಗೆ ಗುರುತು ಸೇರಿಸಿ ಕಟ್ಟಿದೆ. ಗುಂಯ್ ಮುಕ್ಕಾಲು ಇಳಿದಿದೆ. ಉಳಿದಿದ್ದಕ್ಕೆ ಎರಡು ದಾರಿ. ಒಂದು, ಫ್ಲ್ಯಾಂಜಿನಲ್ಲಿ ಶಾಫ್ಟನ್ನು ಅರ್ಧ ಸುತ್ತು ತಿರುಗಿಸಿ ಕಟ್ಟಿ ನೋಡುವುದು, ಖರ್ಚಿಲ್ಲ. ಇನ್ನೊಂದು, ಹಿಂದಿನ ತುದಿಯ ಹತ್ತಿರ ಕೊಳವೆಗೆ ಎರಡು ಹೋಸ್ ಕ್ಲಿಪ್. ಸುತ್ತ ನಾಲ್ಕು ಗುರುತು ಹಾಕಿಕೊಂಡು ಎರಡರ ತಲೆಯನ್ನೂ ಒಂದೇ ಗುರುತಿಗೆ ತಂದು ಓಡಿಸುವುದು, ಯಾವ ಗುರುತಿನಲ್ಲಿ ಕಮ್ಮಿಯೋ ಅಲ್ಲಿ ಎರಡು ತಲೆಗಳನ್ನು ಸ್ವಲ್ಪ ಸ್ವಲ್ಪವೇ ಅಗಲಿಸುತ್ತಾ ಹೋಗುವುದು. ಅದೂ ಸಾಲದಿದ್ದರೆ ಶಿವಮೊಗ್ಗಕ್ಕೆ ಬ್ಯಾಲೆನ್ಸಿಂಗಿಗೆ ಕಳಿಸಬೇಕು. ಅಲ್ಲಿ ಡಯಲ್ ಹಾಕಿ ಕೊಳವೆಯ ನಡುವಿನ ಓಟವನ್ನೂ (ಸುತ್ತುವಾಗ ಎಷ್ಟು ಸೊಟ್ಟ ಆಡುತ್ತದೆ ಅನ್ನುವುದು) ನೋಡಲಿ, ಅರ್ಧ ಮಿ.ಮೀ. ದಾಟಿದ್ದರೆ ತೂಕ ಅಂಟಿಸಿ ಪ್ರಯೋಜನವಿಲ್ಲ.

ಇದನ್ನೆಲ್ಲ ಮಾಡುವ ಮೊದಲು ಪಿನಿಯನ್ ಫ್ಲ್ಯಾಂಜ್ ಒಂದು ಸಲ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಬೇಕು. ಕಟ್ಟುವ ಹೊತ್ತಿಗೆ ಕರೆಂಟ್ ಹೋಗಿ, ಟಾರ್ಚಿನಲ್ಲಿ ಅಲ್ಲಿ ಹೌಸಿಂಗ್ ಆಯಿಲಿನ ತೇವ ಕಂಡ ಹಾಗಿತ್ತು. ಅಲ್ಲಿ ಆಟ ಇದ್ದರೆ ನಟ್ ಹಿಡಿದು ಸುಮ್ಮನೆ ಬಿಗಿ ಮಾಡಿಬಿಡುತ್ತಾರೆ, ಪ್ರೀಲೋಡ್ (ಬೇರಿಂಗಿನ ಮೇಲಿನ ಬಿಗಿತ) ಜಾಸ್ತಿಯಾಗಿ ಬೇರಿಂಗ್ ಸುಟ್ಟು ಹೋಗುತ್ತದೆ.