ಮುಚ್ಚಳದ ಮೇಲಿನ ಅಂಗಾರ

ಹುಬ್ಬಳ್ಳಿಯ ಒಂದು ಲ್ಯಾಬಿನಲ್ಲಿ ನಾನು ಬಯಾಪ್ಸಿ ವಿಭಾಗದ ಟೆಕ್ನಿಷಿಯನ್. ಆಪರೇಷನ್ನಿನಲ್ಲಿ ತೆಗೆದ ಗಂಟು, ತುಣುಕು ಎಲ್ಲ ಫಾರ್ಮಲಿನ್ ತುಂಬಿದ ಬಾಟಲಿಯಲ್ಲಿ ನಮ್ಮ ಕೌಂಟರಿಗೆ ಬರುತ್ತವೆ. ಕೆಲವು ಬಾಟಲಿಗಳ ಮುಚ್ಚಳದ ಮೇಲೆ ಬೂದಿಯ ಬೆರಳಚ್ಚು ಇರುತ್ತದೆ. ಸಿದ್ಧಾರೂಢ ಅಜ್ಜನ ಮಠದ ಅಂಗಾರ. ತಂದವರು ಏನೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಹೆಸರು, ನಂಬರ್ ಕಾಣಿಸಿದರೆ ನನಗೆ ಸಾಕು.

ಮೊದಮೊದಲು ಒಳಗೊಳಗೇ ನಗು ಬರುತ್ತಿತ್ತು, ಸುಳ್ಳೇಕೆ ಹೇಳಲಿ. ಬಾಟಲಿ ನಮ್ಮ ಕೈಗೆ ಬರುವ ಹೊತ್ತಿಗೆ ಕ್ಯಾನ್ಸರ್ ಹೌದೋ ಅಲ್ಲವೋ ಅನ್ನುವ ಉತ್ತರ ಅದರೊಳಗೇ ಇರುತ್ತದೆ. ತುಣುಕು ಇದ್ದದ್ದು ಇದ್ದ ಹಾಗೇ ಇರಲಿ ಅಂತಲೇ ಅಲ್ವಾ ಫಾರ್ಮಲಿನ್ ಹಾಕೋದು? ಇನ್ನು ಬೇಡಿಕೊಂಡು ಏನು ಬಂತು?

ನವಲಗುಂದದ ನಮ್ಮ ಅಜ್ಜಿ ಬೇಡಿಕೊಂಡದ್ದು ಬೇರೆ ಥರ. ಅವಳು ಸಣ್ಣವಳಿದ್ದಾಗ ಮನೆಯಲ್ಲಿ ಸಿಡುಬು ಕಾಣಿಸಿದರೆ "ದೇವಿ ಬಂದಾಳ" ಅನ್ನುತ್ತಿದ್ದರಂತೆ. ಬಾಗಿಲಿಗೆ ಬೇವಿನ ತಪ್ಪಲು, ಒಗ್ಗರಣೆ ಬಂದ್, ದ್ಯಾಮವ್ವನಿಗೆ ಹರಕೆ. ಅವಳ ತಮ್ಮನೊಬ್ಬ ಉಳಿಯಲಿಲ್ಲ. ಬಂದ ರೋಗಕ್ಕೆ ಮದ್ದೇ ಇರಲಿಲ್ಲ, ಬೇಡೋದು ಬಿಟ್ಟು ಇನ್ನೇನು ಮಾಡಬೇಕಿತ್ತು? ಆಮೇಲೆ ಲಸಿಕೆ ಹಾಕುವವರು ಊರೂರು ತಿರುಗಿದರು. ನಮ್ಮ ದೇಶದಲ್ಲಿ 1975ರ ನಂತರ ಸಿಡುಬು ಕಾಣಲಿಲ್ಲ. 1980ರಲ್ಲಿ ಜಗತ್ತಿನಿಂದಲೇ ಹೋಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಈಗ ಸಿಡುಬಿಗೆ ಹರಕೆ ಹೊರುವವರು ಯಾರೂ ಇಲ್ಲ. ದ್ಯಾಮವ್ವನ ಜಾತ್ರೆ ಮಾತ್ರ ಜೋರಾಗಿಯೇ ನಡೆಯುತ್ತದೆ.

ಅಜ್ಜಿಗೆ ರಿಪೋರ್ಟ್ ಕಾಯುವ ಸಂಕಟ ಗೊತ್ತಿರಲಿಲ್ಲ. ಅದು ನಮ್ಮ ಕಾಲದ್ದು. ಫಾರ್ಮಲಿನ್ ತುಣುಕಿನೊಳಗೆ ಗಂಟೆಗೆ ಸುಮಾರು ಒಂದು ಮಿಲಿಮೀಟರ್ ಅಷ್ಟೇ ಇಳಿಯುತ್ತದೆ. ದೊಡ್ಡ ಗಂಟಾದರೆ ರಾತ್ರಿಯಿಡೀ ಬೇಕು. ಆಮೇಲೆ ಆಲ್ಕೋಹಾಲಿನಲ್ಲಿ ನೀರು ತೆಗೆಯಬೇಕು, ಕರಗಿದ ಮೇಣದಲ್ಲಿ ಅಚ್ಚು ಹಾಕಬೇಕು, ಅದನ್ನು ನಾಲ್ಕೈದು ಮೈಕ್ರಾನ್ ತೆಳುವಾಗಿ ಹೆರೆದು ಬಣ್ಣ ಹಾಕಬೇಕು. ಕೊನೆಗೆ ಡಾಕ್ಟರ್ ನೋಡಬೇಕು. ನಾಲ್ಕು ದಿನ, ಒಮ್ಮೊಮ್ಮೆ ಜಾಸ್ತಿ. "ರೊಕ್ಕ ಎಷ್ಟಾದ್ರೂ ಕೊಡ್ತೇವ್ರಿ ಅಕ್ಕಾರ, ಇವತ್ತ ಕೊಡ್ರಿ" ಅನ್ನುವವರಿದ್ದಾರೆ. ಮೇಣಕ್ಕೆ ರೊಕ್ಕ ತಿಳಿಯಲ್ಲ.

ಎರಡು ವರ್ಷದ ಹಿಂದೆ ಅವ್ವನ ಕುತ್ತಿಗೆಯಿಂದ ಥೈರಾಯ್ಡ್ ಗಂಟು ತೆಗೆದರು. ಬಾಟಲಿ ನಮ್ಮಲ್ಲಿಗೇ ಬಂತು. ಮುಟ್ಟೋಕೆ ಕೈ ಬರಲಿಲ್ಲ, ಜೊತೆಯವನಿಗೆ ಕೊಟ್ಟೆ. ಸಂಜೆ ಗಾಡಿ ಮನೆ ಕಡೆ ತಿರುಗದೆ ಮಠದ ಕಡೆ ಹೋಯಿತು. ಒಳಗೆ "ಓಂ ನಮಃ ಶಿವಾಯ" ನಡೆದಿತ್ತು. ಕಣ್ಣು ಮುಚ್ಚಿ ಕೂತೆ. ಕ್ಯಾನ್ಸರ್ ಇರದಿರಲಿ ಅನ್ನೋಕೆ ನಾಲಿಗೆ ಏಳಲಿಲ್ಲ. ಇದ್ದರೆ ಇದ್ದೇ ಇದೆ, ಅಷ್ಟು ನನಗೆ ಗೊತ್ತಲ್ಲ. ಬಾಯಿಗೆ ಬಂದದ್ದು ಇಷ್ಟೇ: "ಅಜ್ಜಾ, ಶುಕ್ರವಾರದ ತನಕ ಹೆಂಗರ ದಾಟಸು."

ಮರುದಿನ ಬೆಳಗ್ಗೆ ಆ ಬಾಟಲಿಯ ಮುಚ್ಚಳಕ್ಕೆ ಅಂಗಾರ ಹಚ್ಚಿದೆ. ಜೊತೆಯವನು ನೋಡಿದ, ಏನೂ ಅನ್ನಲಿಲ್ಲ.

ಶುಕ್ರವಾರ ರಿಪೋರ್ಟ್ ಬಂತು. ಕ್ಯಾನ್ಸರೇ. ಪ್ಯಾಪಿಲರಿ ಅನ್ನುವ ಜಾತಿ, ನಿಧಾನದ್ದು. ಉಳಿದ ಗ್ರಂಥಿಯನ್ನೂ ತೆಗೆದರು. ಈಗ ಅವ್ವ ಆರಾಮಾಗಿದ್ದಾಳೆ. ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಥೈರಾಕ್ಸಿನ್ ಮಾತ್ರೆ, ಆಮೇಲೆ ಅರ್ಧ ಗಂಟೆ ಚಹಾ ಇಲ್ಲ. ಚಹಾ ಇಲ್ಲದ್ದೇ ಅವಳಿಗೆ ದೊಡ್ಡ ಕಷ್ಟ.

ಮಾತ್ರೆ ಡಬ್ಬಿಯನ್ನು ದೇವರ ಜಗಲಿ ಮೇಲೆ ಅಜ್ಜನ ಫೋಟೋ ಮುಂದೆ ಇಟ್ಟಿದ್ದಾಳೆ. ಭಕ್ತಿ ಅಂದುಕೊಂಡಿದ್ದೆ. ಒಂದು ದಿನ ಕೇಳಿಯೂಬಿಟ್ಟೆ.

"ಭಕ್ತಿ ಏನ್ ಬಂತು? ದೀಪ ಹಚ್ಚೂ ಮುಂದ ಕಣ್ಣಿಗೆ ಬೀಳ್ತದ. ಇಲ್ಲಾಂದ್ರ ಮೊದಲ ಚಹಾ ಕುಡದ ಬಿಡ್ತೇನಿ" ಅಂದಳು.