ಲಕಾನ್‌ಹಾ ಕಾಡಿಗೆ ಹೋಗೋರು ಪ್ಯಾಕೇಜ್ ತಗೋಬೇಡಿ

ದಕ್ಷಿಣ ಮೆಕ್ಸಿಕೊದ ಪಲೆಂಕೆ ಊರಿನ ಟ್ರಾವೆಲ್ ಏಜೆನ್ಸಿಯಲ್ಲಿ ನಾವು ದುಡ್ಡು ಕೊಟ್ಟಿದ್ದು "ಎಲ್ಲಾ ಸೇರಿ" ಅಂತ. ಬೊನಾಂಪಾಕ್, ಯಾಶ್‌ಚಿಲಾನ್ ಅನ್ನೋ ಎರಡು ಹಳೇ ಮಾಯಾ ಪಟ್ಟಣಗಳ ಅವಶೇಷ, ಮಾಯಾ ಜನರ ಕಾಡಿನಲ್ಲಿ ಒಂದು ರಾತ್ರಿ, ಊಟ, ಓಡಾಟ. ಅಲ್ಲಿದ್ದ ಹುಡುಗ ಅದನ್ನು ಎರಡೆರಡು ಸಲ ಹೇಳಿದ. ಮರುದಿನ ಬೊನಾಂಪಾಕ್‌ಗೆ ಇನ್ನೂ ಒಂಬತ್ತು ಕಿಲೋಮೀಟರ್ ಇದೆ ಅನ್ನುವಾಗ ವ್ಯಾನ್ ನಿಂತಿತು. ಡ್ರೈವರ್ ಇಳಿದು ಸಿಗರೇಟು ಹಚ್ಚಿದ. ಇನ್ನು ಮುಂದೆ ಈ ಕಾಡಿನ ಮಾಯಾ ಜನರಾದ ಲಕಾಂಡೋನರ ವ್ಯಾನ್ ಅಂತೆ, ಅದಕ್ಕೆ ಬೇರೆ ದುಡ್ಡಂತೆ. "ಎಲ್ಲಾ ಸೇರಿ ಅಂದಿದ್ರಲ್ಲ" ಅಂದಿದ್ದಕ್ಕೆ ಸುಮ್ನೆ ನಕ್ಕ.

ಆ ನಿಯಮದ ಬಗ್ಗೆ ನನ್ನ ತಕರಾರಿಲ್ಲ. ಹೊರಗಿನ ಗಾಡಿ ಅಲ್ಲಿಂದ ಒಳಗೆ ಹೋಗುವ ಹಾಗಿಲ್ಲ, ಜಾಗ ಅವರದು. 1972ರಲ್ಲಿ ಮೆಕ್ಸಿಕೊ ಸರ್ಕಾರ ಈ ಕಾಡಿನ ಆರು ಲಕ್ಷ ಹೆಕ್ಟೇರಿಗೂ ಜಾಸ್ತಿ ಜಾಗವನ್ನು 66 ಲಕಾಂಡೋನ್ ಕುಟುಂಬಗಳಿಗೆ ಬರೆದುಕೊಟ್ಟಿತು. ಅಲ್ಲೇ ಇದ್ದ ಚೋಲ್, ತ್ಸೆಲ್ತಾಲ್ ಮಾಯಾ ಜನ ಬೇರೆ ಊರು ಕಟ್ಟಿಕೊಳ್ಳಬೇಕಾಯಿತು. ಹಾಗಾಗಿ ಲಕಾನ್‌ಹಾ ಊರು, ಬೊನಾಂಪಾಕ್ ಕಡೆ ವ್ಯಾನು, ರೂಮು ಎಲ್ಲಾ ಲಕಾಂಡೋನರದು. ಯಾಶ್‌ಚಿಲಾನ್‌ಗೆ ದೋಣಿ ಹೊರಡುವ ಫ್ರೊಂತೆರಾ ಕೊರೊಸಾಲ್ ಚೋಲ್ ಜನರ ಊರು. ಇವರಿಗೆ ಕೊಟ್ಟ ದುಡ್ಡು ಅವರ ಹತ್ತಿರ ನಡೆಯಲ್ಲ. ಏಜೆನ್ಸಿಯವನಿಗೆ ಇದೆಲ್ಲ ಗೊತ್ತಿತ್ತು, ಬಾಯಿ ಬಿಡಲಿಲ್ಲ ಅಷ್ಟೇ.

ರಾತ್ರಿ ಲಕಾನ್‌ಹಾದಲ್ಲಿ ಉಳಿದೆವು. ಸಮುದಾಯ ನಡೆಸುವ ಲಾಡ್ಜ್ ಅಂದರೆ ಒಂದು ಸಂಘ, ಒಂದು ಆಫೀಸು, ಒಂದು ರಸೀದಿ ಪುಸ್ತಕ ಇರುತ್ತೆ ಅಂದುಕೊಂಡಿದ್ದೆ. ಇಲ್ಲಿ ಒಂದೊಂದು ಮನೆಯವರದು ಒಂದೊಂದು ಕಾಂಪಮೆಂತೊ. ಹಿತ್ತಲಲ್ಲಿ ನಾಲ್ಕೈದು ಮರದ ಗುಡಿಸಲು, ಸೊಳ್ಳೆಪರದೆ, ಪಕ್ಕದಲ್ಲಿ ಹೊಳೆ. ಬಿಳಿ ನಿಲುವಂಗಿ, ಉದ್ದ ಕೂದಲಿನ ಹುಡುಗ ಬೈಕಲ್ಲಿ ಬಂದು ಬೀಗದ ಕೈ ಕೊಟ್ಟು ಹೋದ. ಮನೆಯೊಡತಿಗೆ ಇನ್ನೆರಡು ದಿನ ಇರುತ್ತೇವೆ, ಎಷ್ಟು ಅಂತ ಕೇಳಿದೆ. ಏಜೆನ್ಸಿ ರೂಮಿಗೆ ಅಂತ ಹಿಡಿದಿದ್ದರ ಅರ್ಧವೂ ಇರಲಿಲ್ಲ! ರಾತ್ರಿಯ ನನ್ನ ಅರ್ಧ ನಿದ್ದೆ ಅಲ್ಲೇ ಹೋಯಿತು. ಉಳಿದರ್ಧ ಬೆಳಗಿನ ಜಾವ ಹೌಲರ್ ಮಂಗಗಳ ಗರ್ಜನೆಯ ಪಾಲು. ಹುಲಿಯೇ ಬಂತು ಅಂತ ನನ್ನ ಹೆಂಡತಿ ಎದ್ದು ಕೂತಳು. ಬಿಸಿನೀರು, ವೈಫೈ ಇಲ್ಲದೆ ಆಗಲ್ಲ ಅನ್ನೋರು ಪಲೆಂಕೆಯಲ್ಲೇ ಇರಿ.

ಸ್ವಂತವಾಗಿ ಬರೋದು ಕಷ್ಟವೇನಲ್ಲ. ಪಲೆಂಕೆಯಿಂದ ಕಾಂಬಿ ಸಿಗುತ್ತೆ, ಅಂದರೆ ನಮ್ಮ ಮ್ಯಾಕ್ಸಿಕ್ಯಾಬ್ ಇದ್ದ ಹಾಗೆ. ಸುಮಾರು ಮೂರು ಗಂಟೆ ದಾರಿ, ಸಾನ್ ಹವಿಯೆರ್ ಕ್ರಾಸಲ್ಲಿ ಇಳಿದು ಟ್ಯಾಕ್ಸಿ ಹಿಡಿಯಿರಿ. ಯಾವ ಕಾಂಪಮೆಂತೊ ಅಂತ ಹೆಸರು ಬರೆದಿಟ್ಟುಕೊಳ್ಳಿ. "ಅದು ಮುಚ್ಚಿದೆ" ಅಂತ ಟ್ಯಾಕ್ಸಿಯವನು ಅಂದರೆ ನಂಬದೆ, ಬಾಗಿಲ ತನಕ ಹೋಗಿ ನೋಡಿ. ಪಾಸ್‌ಪೋರ್ಟ್ ಕೈಯಲ್ಲೇ ಇರಲಿ, ದಾರಿಯಲ್ಲಿ ಮಿಲಿಟರಿಯವರು ಕೇಳುತ್ತಾರೆ. ಅಮೆರಿಕದ ವೀಸಾ ಇರುವ ನಮ್ಮವರಿಗೆ ಮೆಕ್ಸಿಕೊ ವೀಸಾ ಬೇಕಿಲ್ಲ. ನಗದು ಪಲೆಂಕೆಯಲ್ಲೇ ತೆಗೆದಿಟ್ಟುಕೊಳ್ಳಿ. ಗ್ವಾಟೆಮಾಲ ಗಡಿಯಲ್ಲಿ ಗ್ಯಾಂಗುಗಳ ಜಗಳದಿಂದ ಈಚಿನ ವರ್ಷಗಳಲ್ಲಿ ಬೊನಾಂಪಾಕ್, ಯಾಶ್‌ಚಿಲಾನ್ ಎರಡನ್ನೂ ತುಂಬಾ ದಿನ ಮುಚ್ಚಿದ್ದುಂಟು. ಹೊರಡುವ ಮೊದಲು ವಿಚಾರಿಸಿ, ರಾತ್ರಿ ಆ ರಸ್ತೆ ಬೇಡವೇ ಬೇಡ.

ಇನ್ನು ಊಟ. ಕ್ರಾಸಿನ ಹತ್ತಿರ ತಗಡಿನ ಮಾಡಿನ ಒಂದು ಖಾನಾವಳಿ. ಮೂರು ಮೇಜು, ಹೆಸರಿನ ಬೋರ್ಡೂ ಇಲ್ಲ. ಇಲ್ಲಿ "ಸಿನ್ ಕಾರ್ನೆ", ಮಾಂಸ ಬೇಡ ಅಂದರೆ ಕೋಳಿ ತಂದಿಡುತ್ತಾರೆ. ಬೀನ್ಸ್ ಕಾಳು ಹುರಿಯೋದು ಹಂದಿ ಕೊಬ್ಬಲ್ಲಿ. ಅದಕ್ಕೇ "ಸಿನ್ ಮಾಂತೆಕಾ" ಅನ್ನೋದನ್ನೂ ಬಾಯಿಪಾಠ ಮಾಡಿ. ಅಷ್ಟಂದಿದ್ದಕ್ಕೆ ಆ ಅಮ್ಮ ಬರೀ ಉಪ್ಪು ಹಾಕಿ ಬೇಯಿಸಿದ ಕರಿ ಕಾಳು, ಕರಿದ ಬಾಳೆಹಣ್ಣು, ಕಣ್ಣಲ್ಲಿ ನೀರು ಬರಿಸುವ ಹಬನೇರೊ ಮೆಣಸಿನಕಾಯಿ ಚಟ್ನಿ, ಬಿಸಿಬಿಸಿ ತೊರ್ತಿಯಾ ರೊಟ್ಟಿ ಕೊಟ್ಟರು. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ತೊಳೆದು, ಅರೆದ ಹಿಟ್ಟು ಅದು. ಹೌದು, ನಾವು ಎಲೆಗೆ ಹಚ್ಚುವ ಸುಣ್ಣವೇ. ಹಿಟ್ಟಿಗೆ ಅಂಟು ಬರೋದು ಅದರಿಂದ. ನನ್ನ ಹೆಂಡತಿ ಒಂದು ಉಂಡೆ ಇಸ್ಕೊಂಡು ಅಕ್ಕಿರೊಟ್ಟಿ ಹಾಗೆ ತಟ್ಟಿ, ನಡುವೆ ಬೆರಳಿಂದ ತೂತು ಮಾಡಿದಳು. ಅಮ್ಮ ಅದನ್ನು ಎತ್ತಿ, ತೂತಿನಿಂದ ನಮ್ಮನ್ನು ಇಣುಕಿ ನೋಡಿ, ನಗು ತಡೆಯಲಾರದೆ ಮಗಳನ್ನು ಕರೆದರು. ಇಬ್ಬರಿಗೂ ಸೇರಿ ಆದ ಬಿಲ್ಲಿಗೆ ಪಲೆಂಕೆಯಲ್ಲಿ ಒಂದು ಕಾಫಿಯೂ ಒಂದು ಕೇಕೂ ಬರಬಹುದು.

ಬೊನಾಂಪಾಕ್‌ನ ಗೋಡೆಚಿತ್ರಗಳು ನೋಡಲೇಬೇಕಾದವು. ಸುಮಾರು 790ರ ಕಾಲದವು, ಹೊರಗಿನವರಿಗೆ ಗೊತ್ತಾಗಿದ್ದು 1946ರಲ್ಲಿ. ನಡುಕೋಣೆಯಲ್ಲಿ ಸೆರೆಯಾಳುಗಳ ಬೆರಳಿಂದ ರಕ್ತ ತೊಟ್ಟಿಕ್ಕುವುದು ಈಗಲೂ ಕಾಣುತ್ತೆ. ಬೆಳಿಗ್ಗೆ ಬೇಗ ಹೋಗಿ, ಪ್ಯಾಕೇಜ್ ವ್ಯಾನುಗಳು ಬಂದ ಮೇಲೆ ಆ ಸಣ್ಣ ಕೋಣೆಗೆ ಕ್ಯೂ. ಯಾಶ್‌ಚಿಲಾನ್ ದೋಣಿಗೆ ಬಾಡಿಗೆ ದೋಣಿ ಲೆಕ್ಕದಲ್ಲಿ, ಜೊತೆಗೆ ಯಾರಾದರೂ ಸಿಗುವ ತನಕ ದಡದಲ್ಲಿ ಕಾಯಿರಿ.

ವಾಪಸ್ ಬರುವಾಗ ನಾವು ಮಾಡಿದ ತಪ್ಪು, ಮಧ್ಯಾಹ್ನದ ಮೇಲೆ ಹೊರಟಿದ್ದು. ಬಂದ ಮೊದಲ ಎರಡು ಕಾಂಬಿ ಭರ್ತಿ, ನಿಲ್ಲಿಸಲೇ ಇಲ್ಲ. ಇನ್ನೇನು ಮಾಡೋದು, ಅಮ್ಮನ ಖಾನಾವಳಿಗೆ ಮತ್ತೆ ಹೋಗಿ ಕೂತೆವು. ಈ ಸಲ ಅವರೇ ತೂತು ಮಾಡಿದ ತೊರ್ತಿಯಾ ಕೊಟ್ಟರು.